ಹೊಗೆಯಾಡುವ ಅಕ್ಷರ

ಅಕ್ಷರಗಳ ತಲೆಯಿಂದ ಕರಿಹೊಗೆ ಎದ್ದಂತೆ, ಬುಡದಿಂದ ಬೇರು ಇಳಿದಂತೆ, ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಗೆರೆಗಳು ನುಂಗುತ್ತಿರುವ ಬರಹವನ್ನು ಫೋನಿನಲ್ಲಿ ನೀವೂ ನೋಡಿರುತ್ತೀರಿ. ಅದರ ಹೆಸರು ಜಾಲ್ಗೋ. 2004ರಲ್ಲಿ ಅಮೆರಿಕದಲ್ಲಿ, ಪತ್ರಿಕೆಗಳ ಮುದ್ದು ಕಾಮಿಕ್ಸ್‌ಗಳನ್ನು ಭಯಾನಕವಾಗಿ ತಿದ್ದಿದ ಚಿತ್ರಗಳಿಂದ ಬಂದ ಹೆಸರು.

ಇದು ಚಿತ್ರವಲ್ಲ, ಅಪ್ಪಟ ಪಠ್ಯ. ನನಗೆ ಬಲು ಇಷ್ಟವಾಗುವುದೇ ಅದು. ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುವ ಚಿಹ್ನೆಗಳಿಗೆಂದೇ ಯೂನಿಕೋಡ್‌ನಲ್ಲಿ ಒಂದು ವಿಭಾಗವಿದೆ. ಅದರಲ್ಲಿ 112 ಜಾಗ. ನಾನಾ ಭಾಷೆಗಳ ಉಚ್ಚಾರ ತೋರಿಸಲು ಮಾಡಿಟ್ಟವು ಅವು. ವಿಯೆಟ್ನಾಮೀ ಬರಹದಲ್ಲಿ ಒಂದು ಸ್ವರದ ಮೇಲೆ ಎರಡು ಚಿಹ್ನೆ ಕೂರುವುದುಂಟು. ಇಷ್ಟೇ ಕೂರಬೇಕೆಂಬ ಮಿತಿಯನ್ನು ಯೂನಿಕೋಡ್ ಹಾಕಿಲ್ಲ. ಜಾಲ್ಗೋ ಇಪ್ಪತ್ತು, ಮೂವತ್ತು ಪೇರಿಸಿ ಗೋಪುರ ಕಟ್ಟುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿ ನೋಡಿ: ಎಷ್ಟೋ ಕಡೆ ಅಕ್ಷರ ಅಳಿಯುವುದಿಲ್ಲ, ಗೋಪುರದ ಕಲ್ಲು ಒಂದೊಂದೇ ಉದುರುತ್ತದೆ.

ಕನ್ನಡಿಗರಿಗೆ ಇದು ಹೊಸದೇನಲ್ಲ. ‘ಕಿ’ ಎಂದು ಬರೆದಾಗ ಕಂಪ್ಯೂಟರಿನ ಲೆಕ್ಕದಲ್ಲಿ ‘ಕ’ ಬೇರೆ, ಗುಡಿಸು ಬೇರೆ. ಅಂಟಿಸಿ ಬರೆಯುವ ವಿದ್ಯೆ ನಮ್ಮ ಕಾಗುಣಿತದಲ್ಲೇ ಇದೆ.

ಒಳ್ಳೆಯ ಕೈಗೆ ಹದ ಗೊತ್ತಿರುತ್ತದೆ. ಇಡೀ ವಾಕ್ಯ ಹೊತ್ತಿಸಿದರೆ ಬರೀ ಮಸಿ. ನೆಟ್ಟಗಿನ ಸಾಲಿನ ನಡುವೆ ಒಂದೇ ಪದ ಒಡೆದರೆ ಮೈ ಜುಂ ಎನ್ನುತ್ತದೆ, ಆ ಪದ ಓದಲೂ ಬರುತ್ತದೆ.

ತೆರೆಯ ಬರಹವನ್ನು ತಂತ್ರಾಂಶದಿಂದ ಓದಿಸಿಕೊಂಡು ಕೇಳುವ ಅಂಧ ಓದುಗರಿಗೆ ಮಾತ್ರ ಇದು ಗೋಜಲು. ಜಾಲ್ಗೋ ಬಳಸುವಾಗ ಅದೇ ಪದವನ್ನು ಪಕ್ಕದಲ್ಲಿ ಸಾದಾ ಅಕ್ಷರದಲ್ಲೂ ಬರೆಯಿರಿ.