ಕರೆಂಟು ಹೋದಾಗ ಬೆಕ್ಕಿಗೆ ನೀರು?

ಹಾಸನದಲ್ಲಿ ಬೆಕ್ಕಿಗೆ ಅಂತ ನೀರಿನ ಕಾರಂಜಿ ಕೊಳ್ಳೋರು ಮೊದಲು ಕೇಳಬೇಕಾದ್ದು ಇದನ್ನೇ. ನಾನು ನೋಡಿದ ಯಾವ ಡಬ್ಬಿಯ ಮೇಲೂ ಇದಕ್ಕೆ ಉತ್ತರ ಇರಲಿಲ್ಲ. ಎರಡೂವರೆ ಲೀಟರ್ ಹಿಡಿಯುತ್ತೆ ಅಂತ ಮಾತ್ರ ದಪ್ಪಕ್ಷರದಲ್ಲಿತ್ತು. ದಿನಕ್ಕೆ ಒಂದು ಲೋಟವೂ ಕುಡಿಯದ ಪ್ರಾಣಿಗೆ ಎರಡೂವರೆ ಲೀಟರ್ ಯಾಕೆ?

ಹೋದ ಬೇಸಿಗೆಯಲ್ಲಿ ನಮ್ಮ ಕರಿಯನಿಗೆ ಉಚ್ಚೆ ಕಟ್ಟಿತು. ಮರಳಿನ ಟ್ರೇಯಲ್ಲಿ ಕೂತು ತಿಣುಕೋದು, ಎದ್ದು ಬರೋದು, ಮತ್ತೆ ಹೋಗಿ ಕೂರೋದು. ಮಲಬದ್ಧತೆ ಇರಬೇಕು ಅಂದುಕೊಂಡು ಅರ್ಧ ದಿನ ಕಳೆದೆ. ತಪ್ಪು ನನ್ನದೇ. ಗಂಡು ಬೆಕ್ಕಿನ ಮೂತ್ರನಾಳ ಬಲು ಕಿರಿದು, ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ಡಾಕ್ಟ್ರು ಕೊಳವೆ ಹಾಕಿ ಬಿಡಿಸಿದರು. ‘ಇವನ ಹೊಟ್ಟೆಗೆ ಇನ್ನಷ್ಟು ನೀರು ಹೋಗಬೇಕು’ ಅಂದರು. ಆ ರಾತ್ರಿಯೇ ಕಾರಂಜಿ ಆರ್ಡರ್ ಮಾಡಿದೆ. ಇಂಜಿನಿಯರ್ ಬುದ್ಧಿ, ಏನೇ ತೊಂದರೆ ಬಂದರೂ ಒಂದು ಮೋಟಾರು ಬೇಕು.

ಮೊದಲು ಬಂದದ್ದು ಪ್ಲಾಸ್ಟಿಕ್ಕಿನದು, ನಡುವೆ ಒಂದು ಹೂವು. ಎರಡೇ ವಾರಕ್ಕೆ ಒಳಗೆಲ್ಲ ಲೋಳೆ. ಪಂಪು ಬಿಚ್ಚೋಕೇ ಬರಲ್ಲ. ನಮ್ಮ ಬೋರ್‌ವೆಲ್ ನೀರಿನ ಬಿಳಿ ಕಟ್ಟು ಅದರ ಬಾಯಿಗೆ ಮೆತ್ತಿಕೊಂಡಿತು. ಒಂದು ಮಧ್ಯಾಹ್ನ ಕರೆಂಟು ಹೋದಾಗ ಮೇಲಿದ್ದ ನೀರೆಲ್ಲ ಮುಚ್ಚಿದ ತೊಟ್ಟಿಗೆ ಇಳಿದುಬಿಟ್ಟಿತು. ಕರಿಯ ಒಣಗಿದ ಹೂವು ನೆಕ್ಕುತ್ತಾ ಕೂತಿದ್ದ. ಎರಡನೆಯದು ಸ್ಟೀಲಿನದು. ಮೇಲಿನ ತಟ್ಟೆಯಲ್ಲಿ ಯಾವಾಗಲೂ ನೀರು ನಿಂತಿರುತ್ತೆ, ಪಂಪನ್ನು ಕೈಯಲ್ಲೇ ಬಿಚ್ಚಿ ಹಳೇ ಬ್ರಷ್ಷಿನಲ್ಲಿ ಉಜ್ಜಬಹುದು. (ಬಿಳಿ ಕಟ್ಟಿಗೆ ನಿಂಬೆಹಣ್ಣು ಸಾಕು. ಆಮೇಲೆ ಚೆನ್ನಾಗಿ ತೊಳೀರಿ, ಆ ವಾಸನೆ ಬೆಕ್ಕಿಗೆ ಆಗಿಬರಲ್ಲ.) ವಸ್ತುವಾಗಿ ಅದರ ಬಗ್ಗೆ ನನಗೆ ದೂರಿಲ್ಲ.

ತಕರಾರಿರೋದು ಮಾರುವವರ ಮಾತಿನ ಬಗ್ಗೆ. ಹರಿಯುವ ನೀರು ಕಂಡರೆ ಬೆಕ್ಕು ತಾನಾಗಿ ಹೆಚ್ಚು ಕುಡಿಯುತ್ತೆ ಅಂತಾರೆ. ಬೆಕ್ಕಿನ ವೈದ್ಯರೇ ಓದುವ ‘ಜರ್ನಲ್ ಆಫ್ ಫೆಲೈನ್ ಮೆಡಿಸಿನ್ ಅಂಡ್ ಸರ್ಜರಿ’ಯಲ್ಲಿ 2010ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನ ಇಷ್ಟು ಧೈರ್ಯವಾಗಿ ಹೇಳಲ್ಲ. ಕಾರಂಜಿ ಇಟ್ಟಾಗ ಬೆಕ್ಕುಗಳು ಸ್ವಲ್ಪ ಹೆಚ್ಚು ಕುಡಿದವು, ಆದರೆ ಮೂತ್ರ ಗಮನಾರ್ಹವಾಗಿ ತೆಳುವಾಗಲಿಲ್ಲ. ಹರಿಯೋ ನೀರೇ ಬೇಕೆನ್ನುವ ಬೆಕ್ಕುಗಳು ಇಲ್ಲವೆಂದಲ್ಲ. ನಿಮ್ಮದು ಅಂಥದ್ದಾ ಅಂತ ತಿಳಿಯೋಕೆ ನಲ್ಲಿ ಸಣ್ಣಗೆ ಬಿಟ್ಟು ನೋಡಿದರಾಯ್ತು, ಕಾಸು ಖರ್ಚಿಲ್ಲ.

ನಾನೂ ಅಳೆದೆ. ಅಡುಗೆಮನೆ ತಕ್ಕಡಿಯಲ್ಲಿ ಬೆಳಗ್ಗೆ ಸಂಜೆ ಕಾರಂಜಿ ತೂಗೋದು. ಮೊದಲ ವಾರ ದಿನಕ್ಕೆ 60 ಮಿಲಿ ಹೆಚ್ಚು ಕುಡೀತಿದ್ದಾನೆ ಅಂತ ಹಿಗ್ಗಿದ್ದೇ ಹಿಗ್ಗಿದ್ದು. ಆಮೇಲೆ ಬೆಕ್ಕನ್ನು ರೂಮಿನಲ್ಲಿ ಕೂಡಿ ಹಾಕಿ, ಕಾರಂಜಿ ಓಡಿಸಿ ನೋಡಿದೆ. ಮುಕ್ಕಾಲು ಪಾಲು ನೀರು ಆವಿಯಾಗಿ, ಎರಚಿಕೊಂಡು ಹೋಗಿದ್ದು!

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, ‘ನಮ್ಮನೆ ಬೆಕ್ಕು ನೀರು ಕುಡಿದಿದ್ದು ನಾನಂತೂ ನೋಡಿಲ್ಲ ಕಣಪ್ಪ’ ಅಂದ್ಲು. ನಿಜ. ಅರಕಲಗೂಡು ಕಡೆಯ ನಮ್ಮೂರಲ್ಲಿ ಬೆಕ್ಕು ಬದುಕಿದ್ದು ಇಲಿ ಹಿಡಿದು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಸಾಕುಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣನೆಲದ ಕಾಡುಬೆಕ್ಕುಗಳು, ತಿನ್ನೋ ಬೇಟೆಯಿಂದಲೇ ನೀರು ಪಡೆಯೋ ಜಾತಿ. ಅದರ ಮುಂದೆ ನಾವು ಶೇಕಡ 10ರಷ್ಟೂ ನೀರಿಲ್ಲದ ಒಣ ಕಾಳು ಸುರಿದು, ಮತ್ತೆ ಆ ನೀರನ್ನು ಕಾರಂಜಿಯಿಂದ ತುಂಬಿಸೋಕೆ ಹೊರಡ್ತೀವಿ. ಕರಿಯನ ತೂಕ ನಾಲ್ಕು ಕೆಜಿ, ದಿನಕ್ಕೆ ಊಟ ನೀರು ಎಲ್ಲ ಸೇರಿ 200 ಮಿಲಿ ಹತ್ತಿರ ಬೇಕು. 60 ಗ್ರಾಂ ಒಣ ಕಾಳಿನಿಂದ ಸಿಗೋದು ಆರು ಮಿಲಿ. 200 ಗ್ರಾಂ ಹಸಿ ಆಹಾರದಿಂದ 150ಕ್ಕೂ ಹೆಚ್ಚು. ಕಾಳು ಮಾರೋ ಅಂಗಡಿಯಲ್ಲೇ ಕಾರಂಜಿಯನ್ನೂ ಮಾರ್ತಾರೆ.

ಕಾರಂಜಿಯೊಂದೇ ಇದ್ದ ತಿಂಗಳು ಕರಿಯನ ಮೂತ್ರದ ಸಾಂದ್ರತೆ 1.052 ಇದ್ದದ್ದು 1.050ಕ್ಕೆ ಬಂತು. ಹಸಿ ಆಹಾರಕ್ಕೆ ಮೂರು ಚಮಚ ಬಿಸಿನೀರು ಕಲಸಿ ಕೊಡೋಕೆ ಶುರುಮಾಡಿದ ಮೇಲೆ 1.032. ಬದಲಾಯಿಸೋಕೆ ಹತ್ತು ದಿನ ಹಿಡಿಯಿತು. ಒಂದೇ ಸಲಕ್ಕೆ ಕಾಳು ನಿಲ್ಲಿಸಬೇಡಿ, ಬೆಕ್ಕು ಹಟಕ್ಕೆ ಬಿದ್ದು ಊಟ ಬಿಟ್ಟರೆ ಲಿವರ್‌ಗೆ ಪೆಟ್ಟು. ಸ್ಟೀಲಿನ ಕಾರಂಜಿ ಇನ್ನೂ ಓಡ್ತಿದೆ. ದಿನಕ್ಕೆ ಎರಡು ಸಲ ಅವನು ಅದರಲ್ಲಿ ಬಲಗೈ ಅದ್ದಿ ಆಟ ಆಡ್ತಾನೆ.