ಜೀನೋಮ್ ಆಯ್ಕೆ: ಒಂದು ಅಂಕಿಯ ಪ್ರತಿಷ್ಠೆ ಮತ್ತು ಬ್ಯಾಡಗಿ ಮೆಣಸಿನಕಾಯಿ

ಜೀನೋಮ್ ಆಯ್ಕೆಯೆಂಬ ತಳಿ ವಿಧಾನಕ್ಕೆ ಬಂದಿರುವ ಹೆಸರು ಹೈನುದನಗಳ ಮಟ್ಟಿಗೆ ನ್ಯಾಯವಾದದ್ದು. ಅದೇ ಹೆಸರನ್ನು ಹಾವೇರಿ ಸೀಮೆಯ ಬೆಳೆಗಳ ಮೇಲೆ ಹಾಗೆಯೇ ಹೊರಿಸುವುದು ನ್ಯಾಯವಲ್ಲ. 2001ರಲ್ಲಿ ಮ್ಯೂವಿಸೆನ್, ಹೇಯ್ಸ್ ಮತ್ತು ಗೊಡಾರ್ಡ್ ಮಂಡಿಸಿದ ಈ ವಿಧಾನದಲ್ಲಿ, ಗುಣಗಳನ್ನು ಅಳೆದಿಟ್ಟಿರುವ ಒಂದು ಆಧಾರ ಗುಂಪಿನ ಸಾವಿರಾರು ಡಿಎನ್‌ಎ ಗುರುತುಗಳನ್ನು ಓದಿ ಪ್ರತಿ ಗುರುತಿಗೂ ಒಂದು ಅಂದಾಜು ಪರಿಣಾಮವನ್ನು ಕಟ್ಟಲಾಗುತ್ತದೆ. ಆಮೇಲೆ ಅಳತೆಯೇ ಆಗದ ಎಳೆಗರುವಿನ ಅಥವಾ ಸಸಿಯ ಗುರುತುಗಳನ್ನಷ್ಟೇ ಓದಿ ಆ ಪರಿಣಾಮಗಳನ್ನು ಕೂಡಿದರೆ ಅದರ ತಳಿಮೌಲ್ಯದ, ಅಂದರೆ ಸಂತತಿಗೆ ಅದು ದಾಟಿಸಬಲ್ಲ ಗುಣದ, ಮುನ್ನಂದಾಜು ಸಿಗುತ್ತದೆ.

ಅಮೆರಿಕದ ಹೋಲ್‌ಸ್ಟೀನ್ ದನಗಳಲ್ಲಿ 2009ರಿಂದ ಅಧಿಕೃತವಾಗಿ ಬಳಕೆಗೆ ಬಂದ ಈ ಲೆಕ್ಕ ಗೆದ್ದದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಹೋರಿ ಹಾಲು ಕೊಡುವುದಿಲ್ಲ. ಅದರ ಹೆಣ್ಣುಮಕ್ಕಳು ಕರು ಹಾಕಿ ಕರೆಯುವವರೆಗೆ ಕಾಯಬೇಕಾಗಿದ್ದಾಗ ಹೋರಿಗಳ ತಂದೆಯ ಸಾಲಿನಲ್ಲಿ ಸುಮಾರು 7 ವರ್ಷವಿದ್ದ ತಲೆಮಾರಿನ ಅಂತರ ಎರಡೂವರೆ ವರ್ಷಕ್ಕಿಂತ ಕೆಳಗಿಳಿಯಿತು. ಮೆಣಸಿನಗಿಡಕ್ಕೆ ಈ ತೊಡಕೇ ಇಲ್ಲ. ಅದು ಒಂದೇ ಹಂಗಾಮಿನಲ್ಲಿ ಕಾಯಿ ಬಿಡುತ್ತದೆ, ಮತ್ತು 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತಂದುಕೊಡುವ ಬಣ್ಣವನ್ನು ಪುಡಿಯಿಂದ ಅಸಿಟೋನಿನಲ್ಲಿ ಇಳಿಸಿ 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುವ ‘ಆಸ್ಟಾ’ ಪರೀಕ್ಷೆ ಮಸಾಲೆ ವ್ಯಾಪಾರದಲ್ಲಿ ದಿನನಿತ್ಯದ್ದು. ನೇರವಾಗಿ ಅಳೆಯಬಲ್ಲದ್ದನ್ನು ಸುತ್ತುಬಳಸಿ ಊಹಿಸುವುದರಲ್ಲಿ ಲಾಭ ಅಷ್ಟಕ್ಕಷ್ಟೆ.

ನಿಜವಾದ ಅನುಮಾನ ಹುಟ್ಟುವುದು ‘ನಿಖರತೆ’ ಎಂದು ಪ್ರಕಟವಾಗುವ ಅಂಕಿಯಲ್ಲಿ. ವಾಡಿಕೆಯಂತೆ ಆಧಾರ ಗುಂಪಿನ ಐದನೆಯ ಒಂದು ಪಾಲನ್ನು ಮರೆಮಾಡಿ, ಉಳಿದವುಗಳಿಂದ ಅದನ್ನು ಅಂದಾಜಿಸಿ, ಅಂದಾಜಿಗೂ ಅಳತೆಗೂ ಇರುವ ಸಹಸಂಬಂಧವನ್ನು ಲೆಕ್ಕ ಹಾಕುತ್ತಾರೆ. ಮೆಣಸಿನಕಾಯಿಯ ಅಂಥ ಗುಂಪಿನಲ್ಲಿ ಗಿಡ್ಡಗೆ ಉಬ್ಬಿದ ಡಬ್ಬಿ, ಉದ್ದಗೆ ಸುಕ್ಕುಗಟ್ಟಿದ ಕಡ್ಡಿ, ಖಾರ ಹೆಚ್ಚಾಗಿ ಬಣ್ಣ ಕಡಿಮೆಯಿರುವ ಗುಂಟೂರು ಬಗೆ ಈ ಮೂರನ್ನೂ ಕಲೆಹಾಕಿದರೆ, ಡಿಎನ್‌ಎ ಗುರುತುಗಳು ಮೊದಲು ಮಾಡುವ ಕೆಲಸ ಬಗೆಯಿಂದ ಬಗೆಯನ್ನು ಬೇರ್ಪಡಿಸುವುದು. ಬಗೆಗಳ ಸರಾಸರಿ ಬಣ್ಣ ಬೇರೆಬೇರೆಯಾಗಿರುವುದರಿಂದ ಸಹಸಂಬಂಧ ತಾನಾಗಿಯೇ ಮೇಲೇರುತ್ತದೆ. ಆದರೆ ಬ್ಯಾಡಗಿ ಪೇಟೆಯ ಹಮಾಲನೂ ಚೀಲದ ಬಾಯಿ ಬಿಚ್ಚಿದೊಡನೆ ಹೇಳುವ ಸಂಗತಿಯಿದು! ತಳಿಗಾರನಿಗೆ ಬೇಕಾದದ್ದು ಹತ್ತಾರು ಡಬ್ಬಿ ಗಿಡಗಳ ನಡುವೆ ಹೆಚ್ಚು ಬಣ್ಣದ್ದು ಯಾವುದು ಎಂಬ ತೀರ್ಮಾನ, ಮತ್ತು ಬಗೆಯೊಳಗಿನ ಆ ಸಹಸಂಬಂಧ ಮೇಲಿನ ಹೆಮ್ಮೆಯ ಅಂಕಿಯ ಹತ್ತಿರಕ್ಕೂ ಬರಬೇಕೆಂದಿಲ್ಲ. ಇದರ ಮೇಲೆ ಇನ್ನೊಂದು ಪದರವಿದೆ: ಸಹಸಂಬಂಧವನ್ನು ಅನುವಂಶೀಯತೆಯ, ಅಂದರೆ ಗಿಡಗಿಡಗಳ ವ್ಯತ್ಯಾಸದಲ್ಲಿ ತಳಿಯಿಂದ ಬಂದ ಪಾಲಿನ, ವರ್ಗಮೂಲದಿಂದ ಭಾಗಿಸುವ ರೂಢಿ. ಸಹಸಂಬಂಧ 0.4 ಇದ್ದು ಅನುವಂಶೀಯತೆ 0.25 ಇದ್ದರೆ, 0.4ನ್ನು 0.5ರಿಂದ ಭಾಗಿಸಿ ನಿಖರತೆ 0.8 ಎಂದು ಬರೆಯಲಾಗುತ್ತದೆ. ಗಣಿತವಾಗಿ ಇದಕ್ಕೆ ಸಮರ್ಥನೆಯಿದೆ. ಆದರೆ ಮಳೆಯಾಶ್ರಿತ ಹೊಲದ ಒಂದೇ ವರ್ಷದ ಅಳತೆಯಿಂದ ಅನುವಂಶೀಯತೆಯನ್ನೇ ತಪ್ಪಾಗಿ ಕಡಿಮೆ ಅಂದಾಜಿಸಿದ್ದರೆ, ಒರಟು ಅಳತೆಯೇ ಹೆಚ್ಚಿನ ನಿಖರತೆಯ ವೇಷ ತೊಟ್ಟು ಬರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಈ ವಿಧಾನದ ಇತರ ಟೀಕಾಕಾರರ ಪಕ್ಕದಲ್ಲಿ ಕೂರಬೇಕಾಗಿಲ್ಲ. ಜೀನ್ ಎಂಬ ಶಬ್ದ ಕೇಳಿದೊಡನೆ ಕುಲಾಂತರಿ ಎಂದು ಕೂಗುವವರಿಗೆ, ಇಲ್ಲಿ ಯಾವ ಜೀನನ್ನೂ ಹೊರಗಿನಿಂದ ಸೇರಿಸುವುದಿಲ್ಲ, ಇರುವುದನ್ನು ಓದಿ ಆರಿಸುವುದಷ್ಟೇ ಎಂಬ ಪ್ರಾಥಮಿಕ ಸಂಗತಿಯೂ ಬೇಡವಾಗಿದೆ. ಅವರಿಗಿಂತ ಹೆಚ್ಚು ಗೌರವ ಪಡೆದಿರುವ, ಆದರೆ ಅಷ್ಟೇ ತಪ್ಪಿರುವ ವಾದ ‘ರೈತನ ಕಣ್ಣೇ ಸಾಕು’ ಎಂಬುದು. ಬೀಜಕ್ಕೆಂದು ಕಣದಲ್ಲಿ ಆರಿಸುವುದು ಒಣಗಿದ ಕಾಯಿಯನ್ನೇ ಹೊರತು ಗಿಡವನ್ನಲ್ಲ. ಮೆಣಸಿನ ಹೂವಿಗೆ ಕೀಟಗಳ ಮೂಲಕ ಪರಕೀಯ ಪರಾಗವೂ ಬೀಳುವುದರಿಂದ ಆ ಕಾಯಿಯೊಳಗಿನ ಬೀಜದ ತಂದೆ ಪಕ್ಕದ ಹೊಲದ ಹೈಬ್ರಿಡ್ ಗಿಡವೂ ಆಗಿರಬಹುದು, ಮತ್ತು ಕಾಯಿಯ ಸಿಪ್ಪೆ ತಾಯಿಗಿಡದ್ದಾದ್ದರಿಂದ ಕಣ್ಣಿಗೆ ಅದರ ಸುಳಿವೇ ಸಿಗುವುದಿಲ್ಲ. ನಾಟಿ ತಳಿ ಹೀಗೆ ಸದ್ದಿಲ್ಲದೆ ಬೆರಕೆಯಾಗುತ್ತಿರುವಾಗ ರೈತನ ಕಣ್ಣನ್ನು ಹಾಡಿ ಹೊಗಳುವುದು ರೈತನಿಗೆ ಮಾಡುವ ಉಪಕಾರವಲ್ಲ. ಬೆರಕೆಯನ್ನು ಪತ್ತೆಹಚ್ಚಲು ಕೆಲವೇ ಡಿಎನ್‌ಎ ಗುರುತುಗಳು ಸಾಕು, ಅದಕ್ಕೆ ಮುನ್ನಂದಾಜಿನ ದೊಡ್ಡ ಯಂತ್ರವೂ ಬೇಡ.

ಈ ವಿಧಾನಕ್ಕೆ ಇಲ್ಲಿ ನಿಜವಾದ ಕೆಲಸವಿರುವ ಜಾಗ ರಾಣೆಬೆನ್ನೂರು. ಹತ್ತಿ ಮತ್ತು ತರಕಾರಿಗಳ ಹೂವನ್ನು ಕೈಯಿಂದ ಬಿಡಿಸಿ ಪರಾಗ ಹಚ್ಚುವ ಹೈಬ್ರಿಡ್ ಬೀಜೋತ್ಪಾದನೆಯ ಈ ಊರಿನ ಸುತ್ತ 100 ಜನಕ ಸಾಲುಗಳಿದ್ದರೆ ಸಾಧ್ಯವಾಗುವ ಸಂಕರಗಳು 4,950. ಅಷ್ಟನ್ನೂ ಹೊಲದಲ್ಲಿ ಪರೀಕ್ಷಿಸುವುದು ಆಗದ ಮಾತು, ಕೆಲವನ್ನು ಬೆಳೆದು ಉಳಿದವನ್ನು ಅಂದಾಜಿಸುವುದು ಆಗುವ ಮಾತು. ಎಲೆ ಮುಟುರು ರೋಗದಂಥ, ಅಳೆಯಲು ದುಬಾರಿಯಾದ ಗುಣಗಳಿಗೂ ಇದು ಸಲ್ಲುತ್ತದೆ.

ದನಗಳ ವಿಷಯದಲ್ಲಿ, 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಬಿಡುಗಡೆಯಾದ, ದೇಸಿ ದನಗಳ ‘ಗೌ ಚಿಪ್’ ಡಿಎನ್‌ಎಯನ್ನು ಓದುವ ಸಾಧನವಷ್ಟೆ. ಬಂಕಾಪುರದ ಕೋಟೆಯೊಳಗೆ ಸಾಕುವ ಖಿಲಾರಿ ತಳಿಯ ದನದ ಕಸುವು, ಓಟ, ನೊಗದ ತಾಳಿಕೆ ಇವನ್ನು ಸಾವಿರಾರು ದನಗಳಲ್ಲಿ ಅಳೆದು ಬರೆದಿಟ್ಟ ಪುಸ್ತಕವಿಲ್ಲದೆ ಆ ಚಿಪ್ ಖಿಲಾರಿಯ ಬಗ್ಗೆ ಏನನ್ನೂ ಮುನ್ನುಡಿಯಲಾರದು, ಮತ್ತು ಆ ಪುಸ್ತಕ ಬರೆಯುವ ಕೆಲಸಕ್ಕೆ ಬಿಡುಗಡೆ ಸಮಾರಂಭಗಳಿರುವುದಿಲ್ಲ. ಮೆಣಸಿನಕಾಯಿಯ ಮಟ್ಟಿಗೆ, ಇನ್ನು ಮುಂದೆ ನಿಖರತೆಯ ಅಂಕಿ ಪ್ರಕಟಿಸುವವರು ಡಬ್ಬಿಗೊಂದು, ಕಡ್ಡಿಗೊಂದು ಬೇರೆಬೇರೆಯಾಗಿ, ಭಾಗಿಸುವ ಮೊದಲಿನ ಸಹಸಂಬಂಧದ ಜೊತೆಗೇ ಕೊಡಲಿ.