ಸಂಕಷ್ಟಿಯ ಚಂದ್ರ, ವಿಕ್ರಮನ ಚಂದ್ರ: ಕನ್ನಡದ ಆಕಾಶ ಬರವಣಿಗೆಯ ಕುರಿತು

ಚಂದ್ರನನ್ನು ಕುರಿತು ಇಂದಿನ ಕನ್ನಡದಲ್ಲಿ ಎರಡು ಬಗೆಯ ಮಾತು ನಡೆದಿದೆ. ಒಂದು ಪಂಚಾಂಗದ್ದು, ವ್ರತದ್ದು, ಬೇಸಾಯದ್ದು. ಪಾಡ್ಯ, ಬಿದಿಗೆ, ತದಿಗೆ ಎಂದು ದಿನವನ್ನು ಎಣಿಸುವ, ಸಂಕಷ್ಟಿಯ ರಾತ್ರಿ ಚಂದ್ರೋದಯವಾಗುವವರೆಗೆ ಊಟಕ್ಕೆ ಕಾಯುವ ಜನರ ಮಾತು ಅದು. ಇನ್ನೊಂದು ಕಕ್ಷೆ, ಉಡಾವಣೆ, ಲ್ಯಾಂಡರ್, ರೋವರ್‌ಗಳ ಮಾತು. ಇದು ಪತ್ರಿಕೆ, ದೂರದರ್ಶನ ಮತ್ತು ಪಾಠಪುಸ್ತಕಗಳ ಮೂಲಕ ನಮ್ಮನ್ನು ತಲುಪುತ್ತದೆ. ಎರಡೂ ಮಾತನಾಡುವುದು ಒಂದೇ ಚಂದ್ರನನ್ನು ಕುರಿತು. ಆದರೆ ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ. ಈಚಿನ ವರ್ಷಗಳ ಕನ್ನಡ ಬಾಹ್ಯಾಕಾಶ ಬರವಣಿಗೆಯ ಮುಖ್ಯ ದೌರ್ಬಲ್ಯವು ಮಾಹಿತಿಯ ಕೊರತೆಯಲ್ಲ, ಈ ಅಪರಿಚಯ ಎಂಬುದು ಪ್ರಸ್ತುತ ಲೇಖನದ ವಾದ.

ಈ ಅಪರಿಚಯ ಮೊದಲಿನಿಂದ ಬಂದದ್ದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗ, ಹೊಸ ತಿಳಿವಳಿಕೆಯನ್ನು ಓದುಗನಿಗೆ ಗೊತ್ತಿರುವ ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬುದೇ ಅವರ ಮುಂದಿದ್ದ ಪ್ರಶ್ನೆಯಾಗಿತ್ತು. ಶಿವರಾಮ ಕಾರಂತರು ವೃತ್ತಿಯಿಂದ ವಿಜ್ಞಾನಿಯಲ್ಲ. ‘ಬಾಲ ಪ್ರಪಂಚ’ವನ್ನೂ ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಅವರು ಬರೆದದ್ದು ತಾನೇ ಓದಿ ಬೆರಗಾದ ಒಬ್ಬ ಸಾಹಿತಿಯ ಉತ್ಸಾಹದಿಂದ. ಆರ್. ಎಲ್. ನರಸಿಂಹಯ್ಯನವರ ‘ಜಗತ್ತುಗಳ ಹುಟ್ಟು ಸಾವು’ ಭೌತವಿಜ್ಞಾನವನ್ನು ಬಲ್ಲವರ ಕೃತಿ. ಜಿ. ಟಿ. ನಾರಾಯಣ ರಾವ್ ಅವರ ‘ನಕ್ಷತ್ರ ವೀಕ್ಷಣೆ’ಯಂತೂ ಹೆಸರಿನಲ್ಲೇ ತನ್ನ ಉದ್ದೇಶವನ್ನು ಸಾರುತ್ತದೆ. ಓದುಗ ಪುಸ್ತಕವನ್ನು ಹಿಡಿದು ಅಂಗಳಕ್ಕೆ ಇಳಿಯಬೇಕು, ಬರಿಗಣ್ಣಿನಿಂದ ನೋಡಬೇಕು, ನೋಡಿದ್ದನ್ನು ಪುಸ್ತಕದೊಡನೆ ತಾಳೆ ಹಾಕಬೇಕು. ಈ ಲೇಖಕರ ಶೈಲಿಗಳು ಬೇರೆ ಬೇರೆ. ಆದರೆ ಆಕಾಶವೆಂಬುದು ಓದುಗನ ಮನೆಯ ಮೇಲೆಯೇ ಇದೆ ಎಂಬುದನ್ನು ಇವರಲ್ಲಿ ಯಾರೂ ಮರೆಯಲಿಲ್ಲ.

ಈಗಿನ ಬರವಣಿಗೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡೋಣ. ಒಂದೇ ಸಂದರ್ಭವನ್ನು ಆರಿಸಿಕೊಂಡರೆ ಸಾಕು. 2023ರ ಜುಲೈ 14ರಂದು ಶ್ರೀಹರಿಕೋಟದಿಂದ ಹೊರಟ ಚಂದ್ರಯಾನ-3 ಆಗಸ್ಟ್ 5ರಂದು ಚಂದ್ರನ ಕಕ್ಷೆಯನ್ನು ಸೇರಿತು. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ನೆಲವನ್ನು ಮುಟ್ಟಿತು. ಆ ದಿನಗಳಲ್ಲಿ ಕನ್ನಡದಲ್ಲಿ ಬಂದಷ್ಟು ಚಂದ್ರ ಸಾಹಿತ್ಯ ಹಿಂದೆಂದೂ ಬಂದಿರಲಾರದು. ನೌಕೆಯ ತೂಕ, ವೆಚ್ಚ, ವೇಗ, ಎಂಜಿನ್ನುಗಳ ಸಂಖ್ಯೆ ಎಲ್ಲವನ್ನೂ ಓದಿದೆವು. ಆದರೆ ಇಳಿಯಲು ಅದೇ ದಿನವೇಕೆ ಎಂಬ ಪ್ರಶ್ನೆಗೆ ಹೆಚ್ಚಿನ ಬರಹಗಳು ಒಂದು ವಾಕ್ಯದಲ್ಲಿ ಉತ್ತರಿಸಿ ಮುಂದೆ ಸಾಗಿದವು: ಅಲ್ಲಿ ಆಗ ಬೆಳಗು, ಆ ಹಗಲು ಭೂಮಿಯ 14 ದಿನಗಳಷ್ಟು ದೀರ್ಘ. ವಾಕ್ಯ ಸರಿಯಾಗಿದೆ. ಆದರೆ ಅದನ್ನು ಓದಿದವನು ತಲೆಯೆತ್ತಿ ನೋಡಲು ಅದರಲ್ಲಿ ಯಾವ ಕಾರಣವೂ ಇಲ್ಲ.

ಅಂದು ನಿಜ ಶ್ರಾವಣ ಶುಕ್ಲ ಸಪ್ತಮಿ. ವಿಕ್ರಮ್ ಇಳಿಯುತ್ತಿದ್ದ ಗಳಿಗೆಯಲ್ಲಿ ಅರ್ಧಕ್ಕೆ ತುಸು ಕಡಿಮೆಯಾದ ಚಂದ್ರ ನಮ್ಮ ದಕ್ಷಿಣ ದಿಕ್ಕಿನ ಆಕಾಶದಲ್ಲಿತ್ತು. ಮೋಡವಿಲ್ಲದ ಊರುಗಳಲ್ಲಿ ಯಾರಾದರೂ ಅದನ್ನು ನೋಡಬಹುದಿತ್ತು. ಆ ಅರ್ಧಚಂದ್ರನಲ್ಲಿ ಬೆಳಕೂ ಕತ್ತಲೂ ಸಂಧಿಸುವ ಗೆರೆ ಇದೆಯಲ್ಲ, ಅದೇ ಚಂದ್ರನ ಮೇಲಿನ ಸೂರ್ಯೋದಯದ ಗೆರೆ. ಅಮಾವಾಸ್ಯೆಯಂದು ಅದು ಚಂದ್ರಬಿಂಬದ ಒಂದು ಅಂಚಿನಲ್ಲಿರುತ್ತದೆ. ಅಲ್ಲಿಂದ ದಿನೇ ದಿನೇ ಸರಿಯುತ್ತ, ಅಷ್ಟಮಿಯ ಹೊತ್ತಿಗೆ ಬಿಂಬದ ನಡುವಿಗೆ, ಹುಣ್ಣಿಮೆಗೆ ಎದುರಿನ ಅಂಚಿಗೆ ತಲುಪುತ್ತದೆ. ತಿಥಿಯೆಂದರೆ ಸೂರ್ಯನಿಂದ ಚಂದ್ರ 12 ಅಂಶ ದೂರ ಸರಿಯಲು ಹಿಡಿಯುವ ಕಾಲ. ಆದುದರಿಂದ ಒಂದು ತಿಥಿಗೆ ಆ ಗೆರೆಯೂ ಚಂದ್ರನ ಮೇಲೆ ಸರಿಸುಮಾರು 12 ಅಂಶ ಸರಿಯುತ್ತದೆ. ವಿಕ್ರಮ್ ಇಳಿದ ಸ್ಥಳ ಚಂದ್ರನ ನಡುಗೆರೆಯಿಂದ ಪೂರ್ವಕ್ಕೆ ಸುಮಾರು 32 ಅಂಶದಲ್ಲಿದೆ, ಮೊದಲು ಬೆಳಗುವ ಅಂಚಿನಿಂದ 58 ಅಂಶ. ಐವತ್ತೆಂಟನ್ನು ಹನ್ನೆರಡರಿಂದ ಭಾಗಿಸಿದರೆ ಐದಕ್ಕೆ ತುಸು ಕಡಿಮೆ ಬರುತ್ತದೆ. ಎಂದರೆ ಆ ನೆಲದಲ್ಲಿ ಸೂರ್ಯ ಮೂಡುವುದು ಶುಕ್ಲ ಪಂಚಮಿಯ ಆಸುಪಾಸಿನಲ್ಲಿ. ಚಂದ್ರ ನಮ್ಮೆದುರು ತುಸು ತೊನೆದಾಡುವುದರಿಂದ ಅರ್ಧ ಮುಕ್ಕಾಲು ತಿಥಿಯಷ್ಟು ಹೆಚ್ಚುಕಡಿಮೆ ಆಗಬಹುದು. ಹದಿನೈದು ತಿಥಿಗಳ ಬಳಿಕ, ಕೃಷ್ಣ ಪಂಚಮಿಯ ಆಸುಪಾಸಿನಲ್ಲಿ, ಅಲ್ಲಿ ಸೂರ್ಯ ಮುಳುಗುತ್ತದೆ. ವಿಕ್ರಮನನ್ನು ನಿದ್ರೆಗೆ ಕಳುಹಿಸಿದ್ದು ಸೆಪ್ಟೆಂಬರ್ 4ರಂದು. ಅಂದಿನ ಪಂಚಾಂಗವನ್ನು ತೆರೆದು ನೋಡಿದರೆ ಶ್ರಾವಣ ಕೃಷ್ಣ ಪಂಚಮಿ.

ಇಷ್ಟನ್ನು ಹೇಳಲು ಬೇಕಾದುದು ಒಂದು ಭಾಗಾಕಾರ, ಮತ್ತು ನಮ್ಮ ಹಿರಿಯರ ನಾಲಗೆಯ ಮೇಲಿದ್ದ ಹತ್ತು ಹದಿನೈದು ಪದಗಳು. ಸಂಕಷ್ಟಿಯ ಉಪವಾಸ ಮಾಡುವ ತಾಯಂದಿರಿಗೆ ಕೃಷ್ಣ ಚೌತಿಯ ಚಂದ್ರ ರಾತ್ರಿ ಒಂಬತ್ತರ ಸುಮಾರಿಗೆ ಬರುತ್ತದೆಂದು ಗೊತ್ತು. ಜನ್ಮಾಷ್ಟಮಿಯಂದು ಅರ್ಘ್ಯ ಕೊಡಲು ಕಾಯುವವರಿಗೆ ಅಷ್ಟಮಿಯ ಚಂದ್ರ ನಡುರಾತ್ರಿಯವನೆಂದು ಗೊತ್ತು. ದಿನಕ್ಕೆ ಸರಾಸರಿ 50 ನಿಮಿಷ ಚಂದ್ರೋದಯ ತಡವಾಗುತ್ತದೆಂಬ ಪಾಠಪುಸ್ತಕದ ವಾಕ್ಯವನ್ನು ಅವರು ಹಸಿವೆಯಿಂದಲೇ ಅಳೆದಿದ್ದಾರೆ. ಈ ತಿಳಿವಳಿಕೆಯ ಮೇಲೆ ಕಟ್ಟಬಹುದಾಗಿದ್ದ ಬರವಣಿಗೆ ಅದನ್ನು ಬದಿಗಿಟ್ಟು, ಓದುಗನನ್ನು ಏನೂ ತಿಳಿಯದವನೆಂದು ಭಾವಿಸಿ ಹೊರಟಿತು. ನಮ್ಮ ಕಥನ ಸಾಹಿತ್ಯವೂ ಇದಕ್ಕೆ ಹೊರತಲ್ಲ. ನಡುರಾತ್ರಿಯಲ್ಲಿ ಬಿದಿಗೆಯ ಚಂದ್ರನನ್ನು ನೆತ್ತಿಯ ಮೇಲೆ ತೂಗುಹಾಕುವ ಕಥೆಗಳು ಇಂದಿಗೂ ಕಾಣಸಿಗುತ್ತವೆ. ಬಿದಿಗೆಯ ಚಂದ್ರ ಸೂರ್ಯಾಸ್ತದ ಹಿಂದೆಯೇ ಪಡುವಣದಲ್ಲಿ ಮುಳುಗಿಬಿಡುತ್ತದೆಂಬುದು ಹಳ್ಳಿಯ ಯಾವ ಅಜ್ಜಿಗೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ.

ಪದಗಳ ವಿಷಯದಲ್ಲಿ ಆಗಿರುವ ಅಜಾಗರೂಕತೆಯನ್ನೂ ಗಮನಿಸಬೇಕು. ವಿಕ್ರಮ್ ‘ಚಂದ್ರನ ದಕ್ಷಿಣ ಧ್ರುವದಲ್ಲಿ’ ಇಳಿಯಿತೆಂದು ಎಲ್ಲೆಡೆ ಬರೆಯಲಾಯಿತು. ಅದು ಇಳಿದದ್ದು ಸುಮಾರು 69 ಅಂಶ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವಕ್ಕೆ ಇನ್ನೂ 600 ಕಿಲೋಮೀಟರಿಗೂ ಹೆಚ್ಚು ದೂರವಿದೆ. ‘ಧ್ರುವದ ದಿಕ್ಕಿನಲ್ಲಿ’ ಎಂದಿದ್ದರೆ ಸಾಧನೆಯೇನೂ ಕುಗ್ಗುತ್ತಿರಲಿಲ್ಲ. ಚಂದ್ರನ ಆಚೆಬದಿಯನ್ನು ‘ಕತ್ತಲ ಬದಿ’ ಎನ್ನುವ ರೂಢಿ ಇದಕ್ಕಿಂತ ಕೆಟ್ಟದ್ದು. ಆ ಬದಿಗೂ ಈಚೆಬದಿಯಷ್ಟೇ ಬಿಸಿಲು ಬೀಳುತ್ತದೆ. ನಮಗೆ ಅಮಾವಾಸ್ಯೆಯಾದಾಗ ಅಲ್ಲಿ ತುಂಬು ಹಗಲು. 2019ರ ಜನವರಿಯಲ್ಲಿ ಚೀನಾದ ಚಾಂಗ್-4 ಅಲ್ಲಿ ಇಳಿದಾಗ ಎದುರಾದ ತೊಡಕು ಕತ್ತಲೆಯದಲ್ಲ. ಭೂಮಿಯೇ ಕಾಣದ ಜಾಗದಿಂದ ಸಂದೇಶ ಕಳುಹಿಸುವ ತೊಡಕು ಅದು, ಅದಕ್ಕಾಗಿ ನಡುವೆ ಇನ್ನೊಂದು ಉಪಗ್ರಹವನ್ನು ನಿಲ್ಲಿಸಬೇಕಾಯಿತು. ಆದಿತ್ಯ-ಎಲ್1 ‘ಸೂರ್ಯನನ್ನು ತಲುಪಿತು’ ಎಂಬ ಶೀರ್ಷಿಕೆಯೂ ಇದೇ ಜಾತಿಯದು. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ, ಸೂರ್ಯನಿಗಿರುವ ದೂರದ ನೂರರಲ್ಲಿ ಒಂದು ಪಾಲು ಮಾತ್ರ. ಕಾವ್ಯದಲ್ಲಿ ಅತಿಶಯೋಕ್ತಿ ಒಂದು ಅಲಂಕಾರ. ವರದಿಯಲ್ಲಿ ಅದು ದೋಷ.

ಹಳೆಯ ಪದಗಳಲ್ಲೂ ತೊಡಕಿಲ್ಲವೆಂದಲ್ಲ. ‘ಗ್ರಹ’ ಎಂಬ ಪದದಲ್ಲಿ ಸೂರ್ಯಚಂದ್ರರೂ ರಾಹುಕೇತುಗಳೂ ಸೇರಿದ್ದರು. ಇಂದಿನ ಅರ್ಥದಲ್ಲಿ ಆ ನಾಲ್ವರೂ ಹೊರಬಿದ್ದು ಭೂಮಿ ಒಳಬಂದಿದೆ. ‘ನಕ್ಷತ್ರ’ವೆಂದರೆ ಬೆಳಗುವ ಚುಕ್ಕಿಯೂ ಹೌದು, ಆಕಾಶಪಥದ 27 ಪಾಲುಗಳಲ್ಲಿ ಒಂದೂ ಹೌದು. ರೈತ ‘ಮೃಗಶಿರಾ ಮಳೆ’ ಎನ್ನುವಾಗ ಸೂರ್ಯ ಆ ಪಾಲಿನಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಹೇಳುತ್ತಾನೆ. ಆ ದಿನಗಳಲ್ಲಿ ಮೃಗಶಿರೆಯ ಚುಕ್ಕಿಗಳು ಸೂರ್ಯನ ಪ್ರಭೆಯಲ್ಲಿ ಮುಚ್ಚಿಹೋಗಿ ಕಾಣಿಸುವುದೇ ಇಲ್ಲ. ಕಾಣದಿರುವ ನಕ್ಷತ್ರದ ಹೆಸರಿನಲ್ಲಿ ಬಿತ್ತನೆಯ ಕಾಲವನ್ನು ಗುರುತಿಸಿದ ಭಾಷೆ ನಮ್ಮದು. ಸೂರ್ಯ ಅಲ್ಲಿದೆಯೆಂದು ಅದು ತಿಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ, ಭೂಮಿ ಸೂರ್ಯನನ್ನು ಸುತ್ತುವ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಎರಡು ಮಾತುಗಳನ್ನು ಕೂಡಿಸಬೇಕೆಂಬುದನ್ನು, ಎಲ್ಲವೂ ಪಂಚಾಂಗದಲ್ಲಿ ಮೊದಲೇ ಇತ್ತೆಂಬ ವಾದಕ್ಕೆ ಬೆಂಬಲವೆಂದು ಭಾವಿಸಬಾರದು. ವಿಕ್ರಮನನ್ನು ತಿಥಿ ನೋಡಿ ಇಳಿಸಲಿಲ್ಲ. ಬಿಸಿಲಿನಿಂದ ವಿದ್ಯುತ್ತು ಪಡೆಯುವ ಯಂತ್ರವೊಂದಕ್ಕೆ ಪೂರ್ತಿ ಹಗಲು ಸಿಗಲೆಂದು ಬೆಳಗಿನ ಹೊತ್ತಿಗೆ ಇಳಿಸಿದರು. ಆ ಬೆಳಗನ್ನು ತಿಥಿಯೂ ತೋರಿಸುತ್ತದೆ, ಅಷ್ಟೇ. ಪಂಚಾಂಗವನ್ನು ಆಕಾಶದೊಡನೆ ತಾಳೆ ಹಾಕಿದಾಗ ಅದರ ತಪ್ಪುಗಳೂ ಹೊರಬೀಳುತ್ತವೆ. ಮಕರ ಸಂಕ್ರಮಣದಂದು ಉತ್ತರಾಯಣ ಆರಂಭವೆಂದು ನಾವು ಎಳ್ಳು ಬೀರುತ್ತೇವೆ. ಸೂರ್ಯ ಉತ್ತರಕ್ಕೆ ತಿರುಗುವುದು ಮೂರು ವಾರಗಳಿಗೂ ಮೊದಲು, ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ತೂಗಿ ಒಂದು ಸುತ್ತು ಮುಗಿಸುವುದರಿಂದ, ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ಈ ಅಂತರ ಬೆಳೆಯುತ್ತ ಬಂದಿದೆ. ಗ್ರಹಣಕ್ಕೆ ಕಾರಣ ನೆರಳೆಂದು ಆರ್ಯಭಟ ಐದನೆಯ ಶತಮಾನದ ಕೊನೆಯಲ್ಲೇ ಹೇಳಿದ್ದರೂ, ಅಂದಿನ ದಿನ ಅಡುಗೆಮನೆಯ ಪಾತ್ರೆಗಳಿಗೆ ದರ್ಭೆ ಹಾಕುವುದು ನಿಂತಿಲ್ಲ. ರಾಹುಕೇತುಗಳೆಂದರೆ ಸುಮಾರು 5 ಅಂಶ ವಾಲಿರುವ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳು ಎಂದು ತಿಳಿಸುವ ಲೇಖಕ ಹಳೆಯ ಪದವನ್ನು ಉಳಿಸಿ ಅದರ ಭಯವನ್ನು ಕಳೆಯುತ್ತಾನೆ. ಪರಂಪರೆಯನ್ನು ಹೊಗಳುವ ಲೇಖಕನೂ ಅದನ್ನು ಹಳಿಯುವ ಲೇಖಕನೂ ಈ ಕೆಲಸವನ್ನು ಕೈಬಿಟ್ಟಿದ್ದಾರೆ.

ಗಡಿಯಾಚೆಯ ಕನ್ನಡಿಗರಿಗೆ ಈ ಮಾತು ಹೆಚ್ಚು ಹತ್ತಿರದ್ದು. ಕಾಸರಗೋಡಿನ ಒಂದು ಮನೆಯನ್ನು ಎಣಿಸಿಕೊಳ್ಳಿ. ಬಿಸು ಸೂರ್ಯನ ಲೆಕ್ಕದ ಹೊಸವರ್ಷ, ಯುಗಾದಿ ಚಂದ್ರನ ಲೆಕ್ಕದ್ದು. ತುಳುವಿನ ಆಟಿ, ಮಲಯಾಳದ ಕರ್ಕಿಡಕ ಎರಡೂ ಸೌರಮಾಸಗಳು. ಚೌತಿ, ಅಷ್ಟಮಿ, ನವರಾತ್ರಿಗಳು ಚಾಂದ್ರಮಾನದವು. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ. ಸೌರವರ್ಷಕ್ಕೆ ಅದು ಸುಮಾರು 11 ದಿನ ಕಡಿಮೆ. ಆ ಕೊರತೆಯನ್ನು ತುಂಬಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬರುತ್ತದೆ. ಚಂದ್ರಯಾನ-3 ಚಂದ್ರನ ಕಕ್ಷೆಯನ್ನು ಸೇರಿದ್ದು ಅಧಿಕ ಶ್ರಾವಣದಲ್ಲಿ, ಇಳಿದದ್ದು ನಿಜ ಶ್ರಾವಣದಲ್ಲಿ. ಸೌರಮಾನದ ನೆರೆಮನೆಯಲ್ಲಿ ಅಂದು ಸಿಂಹಮಾಸದ ಮೊದಲ ವಾರ ನಡೆದಿತ್ತು. ಒಳನಾಡಿನ ವಿದ್ಯಾರ್ಥಿ ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಸೌರ ಚಾಂದ್ರಗಳ ಈ ವ್ಯತ್ಯಾಸವನ್ನು ನಮ್ಮ ಮಕ್ಕಳು ಎರಡು ಮನೆಗಳ ಹಬ್ಬದೂಟದಲ್ಲಿ ಉಂಡಿದ್ದಾರೆ. ಆದರೆ ಅದು ಭೂಮಿ, ಚಂದ್ರ, ಸೂರ್ಯರ ಚಲನೆಯ ಪಾಠವೆಂದು ಅವರಿಗೆ ಕನ್ನಡದಲ್ಲಿ ಹೇಳುವವರು ವಿರಳ.

ಹೇಳದೆ ಹೋದರೆ ಆಗುವ ನಷ್ಟ ವಿಜ್ಞಾನಕ್ಕಲ್ಲ. ಆ ಮಗು ಚಂದ್ರನ ವಿಷಯವನ್ನು ಮಲಯಾಳದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕಲಿತುಕೊಳ್ಳುತ್ತದೆ. ನಷ್ಟವಾಗುವುದು ಕನ್ನಡಕ್ಕೆ. ಹಾಡು, ಹಬ್ಬ, ಯಕ್ಷಗಾನಗಳಿಗೆ ಕನ್ನಡ, ತಿಳಿವಳಿಕೆಗೆ ಬೇರೆ ಭಾಷೆ ಎಂಬ ಹಂಚಿಕೆ ಒಮ್ಮೆ ನೆಲೆಯೂರಿದರೆ, ಗಡಿಯ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ನಾವು ಕೊಡುವ ಕಾರಣಗಳಲ್ಲಿ ಭಾವನೆಯೊಂದೇ ಉಳಿಯುತ್ತದೆ. ನಮ್ಮ ಸಮ್ಮೇಳನಗಳಲ್ಲಿ ವಿಜ್ಞಾನ ಸಾಹಿತ್ಯದ ಗೋಷ್ಠಿಗೆ ಊಟದ ನಂತರದ ಹೊತ್ತು ದೊರೆಯುವುದೂ, ಕವಿಗೋಷ್ಠಿ ಲಂಬಿಸಿದಾಗ ಮೊದಲು ಮೊಟಕಾಗುವುದು ಅದೇ ಆಗಿರುವುದೂ ಈ ಹಂಚಿಕೆಯನ್ನು ನಾವೇ ಒಪ್ಪಿಕೊಂಡಿರುವುದರ ಗುರುತು.

ವಿಮರ್ಶೆ ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕಾವ್ಯವನ್ನು ಪರೀಕ್ಷಿಸುವ ಕಟ್ಟುನಿಟ್ಟಿನಿಂದಲೇ ಆಕಾಶದ ಬರಹವನ್ನೂ ಪರೀಕ್ಷಿಸಬೇಕು. ಪದ ಹೇಳಬೇಕಾದುದನ್ನೇ ಹೇಳುತ್ತಿದೆಯೇ? ಅಂಕಿಗಳು ಒಂದಕ್ಕೊಂದು ಕಾರಣವಾಗಿ ಬಂದಿವೆಯೇ, ಬರಿಯ ಪಟ್ಟಿಯಾಗಿವೆಯೇ? ಓದಿ ಮುಗಿಸಿದವನು ಅದೇ ಸಂಜೆ ಹೊರಗೆ ಹೋಗಿ ಏನನ್ನಾದರೂ ಗುರುತಿಸಬಲ್ಲನೇ? ಈ ಮೂರನೆಯ ಪ್ರಶ್ನೆಗೆ ‘ಹೌದು’ ಎನ್ನುವಂಥ ಪುಸ್ತಕಗಳನ್ನು ಹಿಂದಿನವರು ನಮಗೆ ಬರೆದುಕೊಟ್ಟಿದ್ದಾರೆ. ಅವುಗಳನ್ನು ಮತ್ತೆ ಓದುವುದು, ಇಂದಿನ ನೌಕೆಗಳ ವೃತ್ತಾಂತವನ್ನು ಆ ದಾರಿಯಲ್ಲಿ ಬರೆಸುವುದು, ಪ್ರತಿ ಶಾಲೆಯಲ್ಲಿ ಒಂದು ತಿಂಗಳು ತಿಥಿಗೊಂದರಂತೆ ಚಂದ್ರನ ಚಿತ್ರ ಬಿಡಿಸುವಂತೆ ಮಕ್ಕಳಿಗೆ ಹೇಳುವುದು, ಇವು ಯಾವ ಸಂಘದ ಕೈಗೂ ನಿಲುಕದ ಕೆಲಸಗಳಲ್ಲ. ಮುಂದಿನ ಶುಕ್ಲ ಪಂಚಮಿಯ ಸಂಜೆ ಪಡುವಣದ ಚಂದ್ರನನ್ನು ನೋಡುವ ಮಗುವಿಗೆ, ವಿಕ್ರಮ್ ನಿಂತಿರುವ ನೆಲದಲ್ಲಿ ಈಗ ಬೆಳಗಾಗುವ ಹೊತ್ತೆಂದು ಕನ್ನಡದಲ್ಲಿ ಹೇಳಲು ನಮ್ಮಲ್ಲಿ ಪದಗಳು ಸಿದ್ಧವಾಗಿಯೇ ಇವೆ.